ಬಲೆಗೆ ಬಿದ್ದ ಹಣ್ಣು ನೊಣ ಯಾವ ಜಾತಿಯದು? ಫೋಟೋ ನೋಡಿ ಹೇಳಬಹುದಾ?

ಹಾನಗಲ್‌ನಿಂದ ಪ್ರಶ್ನೆ:
ನಮ್ಮ ಮಾವಿನ ತೋಟದಲ್ಲಿ ನೊಣ ಹಿಡಿಯುವ ಬಲೆ ಡಬ್ಬಿ ಕಟ್ಟಿದ್ದೇವೆ. ಬಿದ್ದ ನೊಣಗಳಲ್ಲಿ ಕೆಲವು ಕಪ್ಪು, ಕೆಲವು ಕೆಂಗಂದು. ಹಿತ್ತಲಿನ ಹೀರೇಕಾಯಿ ಬಳ್ಳಿಗೆ ಬರುವುದು ಇನ್ನೊಂದು ಥರ ಕಾಣುತ್ತದೆ. ಮೊಬೈಲ್ ಆಪ್‌ಗೆ ಫೋಟೋ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ಬರುತ್ತದೆ. ಅನುಭವ ಇದ್ದವರು ತಿಳಿಸಿ.

ಧಾರವಾಡದಿಂದ:
ಅಕ್ಕಾರೆ, ಬಣ್ಣ ಬಿಡಿ, ಮೊದಲು ರೆಕ್ಕೆ ನೋಡಿ. ಕೆಲಗೇರಿ ಕಡೆ ನಮ್ಮ ಆಪೂಸ್ ಗಿಡಗಳಲ್ಲಿ ನಾಲ್ಕು ವರ್ಷದಿಂದ ಈ ನೊಣಗಳ ಫೋಟೋ ತೆಗೆಯುತ್ತಿದ್ದೇನೆ. ಮೊದಲ ವರ್ಷ ತೆಗೆದದ್ದೆಲ್ಲ ಬೆನ್ನಿನ ಫೋಟೋಗಳೇ. ಅದರಲ್ಲಿ ಅರ್ಧಕ್ಕೆ ಇವತ್ತಿಗೂ ಹೆಸರು ಇಡಲು ಆಗಿಲ್ಲ.

ರೆಕ್ಕೆಯ ಮುಂದಿನ ಅಂಚಿನಲ್ಲಿ ತೆಳ್ಳಗಿನ ಕಂದು ಪಟ್ಟಿ ಎಲ್ಲೂ ಕಡಿಯದೆ ತುದಿಯವರೆಗೆ ಹೋಗಿರಬೇಕು. ಎದೆಯ ಎರಡೂ ಪಕ್ಕ ಹಳದಿ ಗೆರೆ, ಹೊಟ್ಟೆಯ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದಂಥ ಕಪ್ಪು ಗುರುತು. ಇಷ್ಟೂ ಇದ್ದರೆ ಅದು ಬಹುಮಟ್ಟಿಗೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಮಾವಿಗೆ ಜಾಸ್ತಿ ಕಾಟ ಕೊಡುವುದು ಇದೇ.

ಪಟ್ಟಿ ನಡುವೆ ಅಳಿಸಿಹೋಗಿ ತುದಿಯಲ್ಲಿ ಒಂದು ಚುಕ್ಕೆ ಉಳಿದಿದ್ದರೆ ಅದೇ ಬ್ಯಾಕ್ಟ್ರೋಸೆರಾ ಕುಲದ ಝೊನಾಟಾ ಅಥವಾ ಕರೆಕ್ಟಾ ಜಾತಿ. ಝೊನಾಟಾ ಮೈ ಕೆಂಗಂದು, ಕರೆಕ್ಟಾ ಎದೆ ಕಪ್ಪು. ಪೇರಲ ಗಿಡದಲ್ಲಿ ಎರಡೂ ಸಿಗುತ್ತವೆ. ಸಂಶಯ ಬಂದರೆ ಮುಖ ನೋಡಬೇಕು. ಝೊನಾಟಾ ಮುಖದಲ್ಲಿ ಎರಡು ಬಿಡಿ ಚುಕ್ಕೆ ಇರುತ್ತವೆ. ಕರೆಕ್ಟಾದಲ್ಲಿ ಅವು ಅಡ್ಡಕ್ಕೆ ಎಳೆದ ಗೆರೆಯ ಹಾಗೆ. ಮುಖದ ಫೋಟೋ ಯಾರೂ ತೆಗೆಯುವುದಿಲ್ಲ, ಅದೇ ದೊಡ್ಡ ಕೊರತೆ.

ಬಣ್ಣ ನಂಬಬೇಡಿ ಅಂದದ್ದು ಸುಮ್ನೆ ಅಲ್ಲ. ಡಾರ್ಸಾಲಿಸ್ ಒಂದರಲ್ಲೇ ಎದೆ ಕಪ್ಪಿನಿಂದ ಕೆಂಗಂದಿನವರೆಗೂ ಇರುತ್ತದೆ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ನೊಣಕ್ಕೆ 2005ರಲ್ಲಿ ಇನ್ವಾಡೆನ್ಸ್ ಅಂತ ಹೊಸ ಜಾತಿಯ ಹೆಸರು ಕೊಟ್ಟಿದ್ದರು. 2015ರಲ್ಲಿ ಅದೂ ಡಾರ್ಸಾಲಿಸೇ ಎಂದು ಸೇರಿಸಿಬಿಟ್ಟರು. ನೊಣ ಕೈಯಲ್ಲಿ ಹಿಡಿದು ನೋಡುವ ತಜ್ಞರಿಗೇ ಇಷ್ಟು ಕಷ್ಟ ಆಗಿದೆ. ನಮ್ಮ ದಕ್ಷಿಣ ಭಾರತದಲ್ಲಿ ಕ್ಯಾರಿಯೇ ಅನ್ನುವ ತೀರಾ ಹತ್ತಿರದ ಜಾತಿಯೂ ಇದೆ, ಅದರ ತೊಡೆಗಳ ಮೇಲೆ ಕಪ್ಪು ಕಲೆ ಇರುತ್ತದೆ. ಹಾಗಾಗಿ ಕಾಲು ಕಾಣದ ಫೋಟೋಗೆ ನಾನು 'ಡಾರ್ಸಾಲಿಸ್ ಗುಂಪು' ಅಂತಷ್ಟೇ ಬರೆಯುತ್ತೇನೆ.

ಲಕ್ಷ್ಮೇಶ್ವರದಿಂದ:
ಹೀರೇಕಾಯಿದು ಬೇರೆ ನೊಣವೇ ರೀ. ಝೂಗೊಡಾಕಸ್ ಕುಕುರ್ಬಿಟೇ. ಎದೆಯ ಮೇಲೆ ಎರಡಲ್ಲ, ನಡುವೆ ಇನ್ನೊಂದು ಸೇರಿ ಮೂರು ಹಳದಿ ಗೆರೆ. ರೆಕ್ಕೆಯ ಪಟ್ಟಿ ತುದಿಯಲ್ಲಿ ಅಗಲವಾಗಿ ಕಲೆಯಂತಾಗುತ್ತದೆ, ಒಳಗೊಂದು ಅಡ್ಡ ಕಲೆಯೂ ಇರುತ್ತದೆ. ಅದೇ ಕುಲದ ಟಾವ್ ಅನ್ನುವ ಜಾತಿಗೂ ಮೂರು ಗೆರೆ ಉಂಟು, ಆದರೆ ಆ ಅಡ್ಡ ಕಲೆ ಇಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಆದ ಮೇಲೆ. ಅಂಗಡಿಯಲ್ಲಿ ಕೊಟ್ಟ ಮಾವಿನ ಲ್ಯೂರನ್ನೇ (ಗಂಡು ನೊಣಗಳನ್ನು ಬಲೆಗೆ ಸೆಳೆಯುವ ವಾಸನೆಯ ವಸ್ತು) ಹಾಗಲ ಬಳ್ಳಿಗೆ ಕಟ್ಟಿದ್ದೆ. ಅದು ಮಿಥೈಲ್ ಯುಜೆನಾಲ್. ಡಾರ್ಸಾಲಿಸ್, ಝೊನಾಟಾ, ಕರೆಕ್ಟಾ ಗಂಡು ನೊಣಗಳು ಅದಕ್ಕೆ ಬರುತ್ತವೆ. ಬಳ್ಳಿಯ ನೊಣಕ್ಕೆ ಬೇಕಾದದ್ದು ಕ್ಯೂ ಲ್ಯೂರ್. ಡಬ್ಬಿ ಖಾಲಿ ಇತ್ತು, ಕಾಯಿಯೆಲ್ಲ ಹುಳ. ಫೋಟೋ ಜೊತೆ ಯಾವ ಲ್ಯೂರ್, ಯಾವ ಬೆಳೆ ಅಂತ ತಪ್ಪದೆ ಬರೆಯಿರಿ.

ಹುಬ್ಬಳ್ಳಿಯಿಂದ:
ಫೋಟೋ ತೆಗೆಯುವ ಬಗ್ಗೆ ಎರಡು ಮಾತು. ವಾರಗಟ್ಟಲೆ ಡಬ್ಬಿಯಲ್ಲಿ ಬಿದ್ದ ನೊಣ ಕಪ್ಪಾಗುತ್ತದೆ, ಅವತ್ತು ಬಿದ್ದದ್ದನ್ನೇ ಆರಿಸಿ. ರೆಕ್ಕೆ ಬಿಡಿಸಿ ಬಿಳಿ ಹಾಳೆಯ ಮೇಲೆ ಇಟ್ಟರೆ ಪಟ್ಟಿ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಡಿ. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಜೀವಂತ ನೊಣವಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಅಲುಗಾಡುವುದಿಲ್ಲ. ಆಗಷ್ಟೇ ಕೋಶದಿಂದ ಹೊರಬಂದ ನೊಣ ಪೇಲವವಾಗಿರುತ್ತದೆ, ಒಂದೆರಡು ದಿನ ಬಿಟ್ಟು ತೆಗೆಯಿರಿ. ಆ ನೊಣವನ್ನು ಎಸೆಯಬೇಡಿ, ಸಣ್ಣ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಇಡಿ.

ಹಾನಗಲ್‌ನಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಬಿಳಿ ಹಾಳೆಯ ಮೇಲೆ ಇಟ್ಟು ನೋಡಿದೆ. ಬಳ್ಳಿಯ ನೊಣಕ್ಕೆ ಮೂರು ಗೆರೆ, ರೆಕ್ಕೆಯಲ್ಲಿ ಅಡ್ಡ ಕಲೆ ಎರಡೂ ಇವೆ. ಮಾವಿನ ಡಬ್ಬಿಯ ಕೆಂಗಂದು ನೊಣಗಳನ್ನು ಝೊನಾಟಾ ಅಂದುಕೊಂಡಿದ್ದೆ. ಆರರಲ್ಲಿ ಐದಕ್ಕೆ ಪಟ್ಟಿ ತುದಿಯವರೆಗೂ ಇದೆ. ಆರನೆಯದರ ಮುಖದ ಫೋಟೋ ಸಂಜೆ ಹಾಕುತ್ತೇನೆ.