ಮನೆಗೆ ಬಂದು ಮಾಡುವ ಆರೈಕೆ ಸರಿ ಇದೆಯಾ? ನರ್ಸ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಎಣ್ಮಕಜೆ, ಕೇರಳದ ಕಾಸರಗೋಡು ಜಿಲ್ಲೆ): ತಮ್ಮನಿಗೆ 24 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಜೊತೆಗೆ ಅಪಸ್ಮಾರ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಸರಕಾರಿ ಪಟ್ಟಿಯಲ್ಲಿ ಹೆಸರು ಉಂಟು. ಮಾತು ಬರುವುದಿಲ್ಲ. ಕಳೆದ ವರ್ಷದಿಂದ ಮೂಗಿನ ಟ್ಯೂಬಿನಲ್ಲಿ ಊಟ. ಅಮ್ಮನಿಗೆ ಬೆನ್ನು ನೋವು ಜಾಸ್ತಿ ಆಯಿತು ಅಂತ ಏಜೆನ್ಸಿಯಿಂದ ಹೋಮ್ ನರ್ಸ್ ಇಟ್ಟಿದ್ದೇವೆ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಬರುವುದು. ಅಮ್ಮನನ್ನು ಕೇಳಿದರೆ "ಒಳ್ಳೆ ಹುಡುಗಿ, ಮನೆಯನ್ನೂ ಗುಡಿಸುತ್ತಾಳೆ" ಎನ್ನುತ್ತಾರೆ. ಆದರೆ ತಮ್ಮ ಸಪ್ಪಗಾಗಿದ್ದಾನೆ ಅಂತ ನನಗೆ ಅನಿಸುತ್ತದೆ. ಆರೈಕೆ ಸರಿ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಉತ್ತರ (ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರ ನೋವು, ತೊಂದರೆ ಕಡಿಮೆ ಮಾಡುವ ಆರೈಕೆಯ ನರ್ಸ್): ಗುಡಿಸಿದ್ದು ಕಣ್ಣಿಗೆ ಕಾಣುತ್ತದೆ. ಮಗ್ಗುಲು ಬದಲಿಸಿದ್ದು, ಬದಲಿಸದೆ ಬಿಟ್ಟದ್ದು ಕಾಣುವುದಿಲ್ಲ. ಅದು ತಿಳಿಯಬೇಕಾದರೆ ತಮ್ಮನ ಮೈ ನೋಡಬೇಕು.

ಈ ಸಲ ಬಂದಾಗ ಸ್ನಾನ ನೀವೇ ಮಾಡಿಸಿ. ಸೊಂಟದ ಕೆಳಗೆ ಬೆನ್ನುಮೂಳೆ ಮುಗಿಯುವ ಜಾಗ, ಎರಡೂ ಪಕ್ಕದ ಸೊಂಟದ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗ, ಟ್ಯೂಬಿಗೆ ಟೇಪ್ ಅಂಟಿಸಿದ ಮೂಗಿನ ತುದಿ, ಎಲ್ಲ ನೋಡಿ. ಕೆಂಪಾದ ಜಾಗ ಇದ್ದರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಒಂದೇ ಕಡೆ ಒತ್ತಿ ಮಲಗಿದ್ದರಿಂದ ಆಗುವ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಆಗ ಕೈ ಇಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿ ಇಲ್ಲ ತಣ್ಣಗೆ, ಗಟ್ಟಿಯಾಗಿ ಇಲ್ಲ ಮೆತ್ತಗೆ ಇರಬಹುದು. ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ರಾತ್ರಿಯ ಪಾಳಿಯಲ್ಲಿ ತಪ್ಪುವುದೂ ಹೆಚ್ಚಾಗಿ ಅದೇ.

ಆಮೇಲೆ ಊಟ. ಒಂದು ಸಲ ಊಟ ಕೊಡುವಾಗ ಪಕ್ಕದಲ್ಲೇ ಕುಳಿತು ನೋಡಿ. ಟ್ಯೂಬ್ ಮೂಗಿನ ಹತ್ತಿರ ಗುರುತು ಹಾಕಿದಲ್ಲೇ ಇದೆಯಾ ಅಂತ ಆಕೆ ಮೊದಲು ನೋಡುತ್ತಾಳಾ? ತಲೆ, ಎದೆಯನ್ನು ಕನಿಷ್ಠ 30 ಡಿಗ್ರಿ ಎತ್ತರಿಸುತ್ತಾಳಾ? ಊಟದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಕೂರಿಸುತ್ತಾಳಾ, ಇಲ್ಲ ಕೂಡಲೇ ಮಲಗಿಸಿ ಕೈ ತೊಳೆಯುತ್ತಾಳಾ? ಪದೇ ಪದೇ ಕಫ, ಜ್ವರ ಬರುತ್ತಿದ್ದರೆ ನಾನು ಮೊದಲು ಕೇಳುವುದು ಇದನ್ನೇ. ತಿಂಗಳಿಗೊಮ್ಮೆ ತೂಕವನ್ನೂ ನೋಡಿ. ಗಟ್ಟಿಮುಟ್ಟಾದವರೊಬ್ಬರು ಅವನನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ಆಮೇಲೆ ಅವರ ತೂಕ ಕಳೆದರೆ ಆಯಿತು.

ಸಪ್ಪಗಾಗಿದ್ದಾನೆ ಅಂದ ಕೂಡಲೇ ಹುಡುಗಿಯನ್ನು ಅನುಮಾನಿಸಬೇಡಿ. ಮಲಬದ್ಧತೆ ಇರಬಹುದು, ಹಲ್ಲು ನೋವು ಇರಬಹುದು, ಅಪಸ್ಮಾರದ ಮಾತ್ರೆ ಜಾಸ್ತಿ ಆಗಿರಬಹುದು. ಮಾತ್ರೆಯ ಲೆಕ್ಕ ಸುಲಭ. ಇಷ್ಟು ದಿನಕ್ಕೆ ಇಷ್ಟು ಮುಗಿದಿರಬೇಕು ಅಂತ ಸ್ಟ್ರಿಪ್ ಎಣಿಸಿ. ಕಡಿಮೆ ಆಗಿದ್ದರೂ ಸರಿಯಲ್ಲ, ಜಾಸ್ತಿ ಆಗಿದ್ದರೂ ಸರಿಯಲ್ಲ.

ದಿನದ ಆರೈಕೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾಳಾ? ಬರೆದಿದ್ದರೆ ಓದಿ ನೋಡಿ. ಮಗ್ಗುಲು ಬದಲಿಸಿದ ಗಂಟೆ 8, 10, 12, 2 ಅಂತ ವಾರವಿಡೀ ಒಂದೇ ಸಮ, ಒಂದೇ ಪೆನ್ನು, ಒಂದೇ ಓರೆಯ ಅಕ್ಷರ ಇದ್ದರೆ ಅದು ಒಂದೇ ಸಲ ಕೂತು ತುಂಬಿಸಿದ್ದು ಇರಬಹುದು. "11:40, ಕೆಮ್ಮಿದ, ಊಟ ನಿಲ್ಲಿಸಿದೆ" ಅಂತ ಒಂದೇ ಒಂದು ಸಾಲು ಸಿಕ್ಕಿದರೂ ನನಗೆ ಸಮಾಧಾನ. ಅವಳು ಮಲಯಾಳದಲ್ಲಿ ಬರೆಯುವುದು ಅಮ್ಮನಿಗೆ ಓದಲು ಬರದಿದ್ದರೆ ಗಂಟೆಯ ಅಂಕಿ, ಟಿಕ್ ಹಾಕುವ ಚಾರ್ಟ್ ಸಾಕು.

ಎಲ್ಲಕ್ಕಿಂತ ನಾನು ಬೆಲೆ ಕೊಡುವ ಪ್ರಶ್ನೆ ಒಂದುಂಟು. "ಅವನಿಗೆ ನೋವಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ?" ಅಂತ ಆಕೆಯನ್ನು ಕೇಳಿ. "ಎಡಗೈ ಬಿಗಿ ಮಾಡ್ತಾನೆ, ಹುಬ್ಬು ಗಂಟು ಹಾಕ್ತಾನೆ" ಅಂತ ತಕ್ಷಣ ಹೇಳಿದರೆ ಆಕೆ ಅವನನ್ನು ನೋಡುತ್ತಿದ್ದಾಳೆ ಅಂತ ಅರ್ಥ. ಏಜೆನ್ಸಿ ತಿಂಗಳಿಗೊಬ್ಬರನ್ನು ಬದಲಿಸುತ್ತಿದ್ದರೆ ಎಂಥ ತರಬೇತಿ ಇದ್ದವರಿಗೂ ಇದು ಬರುವುದಿಲ್ಲ. ತಮ್ಮನನ್ನೂ ಗಮನಿಸಿ. ಆಕೆ ಕೋಣೆಗೆ ಬಂದಾಗ ಅವನು ಮುಖ ತಿರುಗಿಸಿ ನೋಡುತ್ತಾನಾ, ಮೈ ಬಿಗಿ ಮಾಡುತ್ತಾನಾ? ಮಾತಿಲ್ಲದವರ ಅಭಿಪ್ರಾಯವೂ ಅಭಿಪ್ರಾಯವೇ, ಅಲ್ವಾ?

ಪ್ರಶ್ನೆ (ಕುಂಬಳೆ): ನಮ್ಮಲ್ಲಿಗೆ ಪಂಚಾಯತಿನ ಪಾಲಿಯೇಟಿವ್ ತಂಡ ತಿಂಗಳಿಗೊಮ್ಮೆ ಬರುತ್ತದೆ. ಸ್ವಲ್ಪ ಹೊತ್ತು ಇದ್ದು ಹೋಗುತ್ತಾರೆ. ಸುಮ್ನೆ ಹೆಸರಿಗೆ ಅನಿಸುತ್ತದೆ.

ಉತ್ತರ: ನಾನೂ ಅದೇ ಕೆಲಸದವಳು, ಸ್ವಲ್ಪ ಪಕ್ಷಪಾತ ಇದ್ದೀತು. ಕೇರಳ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತಿನ ನರ್ಸ್, ಆಶಾ ಕಾರ್ಯಕರ್ತೆ ಮನೆಗೆ ಬರುವ ಪದ್ಧತಿ ಬೆಳೆಯಿತು. ದಿನವಿಡೀ ನೋಡಿಕೊಳ್ಳುವುದು ಆ ತಂಡದ ಕೆಲಸ ಅಲ್ಲ. ಅವರನ್ನು ಬೇರೆ ರೀತಿ ಅಳೆಯಬೇಕು. ರೋಗಿಯನ್ನು ತಿರುಗಿಸಿ ಬೆನ್ನು ನೋಡಿದರಾ, ಇಲ್ಲ ಬಿ.ಪಿ. ಮಾತ್ರ ನೋಡಿ ಎದ್ದರಾ? ಕ್ಯಾತಿಟರ್ (ಮೂತ್ರದ ಟ್ಯೂಬ್) ಬದಲಿಸುವ ತಾರೀಕು ಬರೆದಿಟ್ಟರಾ? ನಡುವೆ ಅದು ಕಟ್ಟಿಕೊಂಡರೆ ಫೋನ್ ಎತ್ತುತ್ತಾರಾ? "ನಿಮ್ಮ ನಿದ್ದೆ ಹೇಗಿದೆ" ಅಂತ ಮನೆಯವರನ್ನು ಒಂದು ಮಾತು ಕೇಳುತ್ತಾರಾ? ಇಷ್ಟು ಇದ್ದರೆ ಹೊತ್ತು ಕಡಿಮೆಯಾದರೂ ಪರವಾಗಿಲ್ಲ. ಅಂದ ಹಾಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸಹಾಯಧನ ಉಂಟು. ಅರ್ಜಿ ಬಗ್ಗೆ ಅಂಗನವಾಡಿಯಲ್ಲಿ ವಿಚಾರಿಸಿ.

ಪ್ರಶ್ನೆ (ಮುಳ್ಳೇರಿಯ): ಕ್ಯಾಮೆರಾ ಇಟ್ಟರೆ ಆಗದಾ?

ಉತ್ತರ: ಆಕೆಗೆ ಹೇಳಿಯೇ ಇಡಿ. ಸ್ನಾನ, ಬಟ್ಟೆ ಬದಲಿಸುವ ಜಾಗಕ್ಕೆ ಬೇಡವೇ ಬೇಡ. ರೋಗಿಗೂ ಮಾನ ಉಂಟು. ನನ್ನನ್ನು ಕೇಳಿದರೆ ಮಧ್ಯಾಹ್ನ ಮೂರು ಗಂಟೆಗೆ ಹೇಳದೆ ಮನೆಗೆ ಬರುವುದೇ ಒಳ್ಳೆಯದು.

ಪ್ರಶ್ನೆ (ಉಪ್ಪಳ): ಏಜೆನ್ಸಿಗೆ ಸಹಿ ಹಾಕುವ ಮೊದಲು ಎಂತ ಕೇಳಬೇಕು?

ಉತ್ತರ: ಬರುವವರು ನರ್ಸಿಂಗ್ ಓದಿದವರಾ, ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಇದೆಯಾ ಕೇಳಿ. ಓದಿಲ್ಲದಿದ್ದರೂ ಒಳ್ಳೆಯ ಆರೈಕೆ ಮಾಡುವವರು ಬೇಕಾದಷ್ಟು ಇದ್ದಾರೆ. ಆದರೆ ಕಿತ್ತು ಬಂದ ಟ್ಯೂಬನ್ನು ಅಂಥವರು ತಾವೇ ಮತ್ತೆ ಹಾಕಲು ಹೋಗಬಾರದು. ಒಬ್ಬಳೇ 24 ಗಂಟೆ ನೋಡಿಕೊಳ್ಳುತ್ತಾಳೆ ಅಂತ ಏಜೆನ್ಸಿ ಹೇಳಿದರೆ ಆಕೆ ಮಲಗುವುದು ಯಾವಾಗ ಅಂತ ಕೇಳಿ. ರಜೆ ಹಾಕಿದ ದಿನ ಯಾರು ಬರುತ್ತಾರೆ, ಹೊಸಬರಿಗೆ ಹಳಬರು ಕನಿಷ್ಠ ಒಂದು ದಿನ ಜೊತೆಗಿದ್ದು ಕೆಲಸ ತೋರಿಸುತ್ತಾರಾ ಅಂತಲೂ ಕೇಳಿ.

ಫಿಟ್ಸ್ ಬಂದರೆ ಏನು ಮಾಡುತ್ತೀರಿ ಅಂತ ಬಾಯಲ್ಲೇ ಹೇಳಿಸಿ. ಗಡಿಯಾರ ನೋಡಬೇಕು, ಪಕ್ಕಕ್ಕೆ ತಿರುಗಿಸಬೇಕು, ಬಾಯಿಗೆ ಏನೂ ಹಾಕಬಾರದು, 5 ನಿಮಿಷ ದಾಟಿದರೆ 108. ಕೈಗೆ ಕಬ್ಬಿಣ ಕೊಡುತ್ತೇನೆ ಅಂದರೆ ಅಲ್ಲಿಗೇ ಮುಗಿಯಿತು. ಹಾಗೇ ಎಲ್ಲದಕ್ಕೂ ಮಂಗಳೂರನ್ನೇ ನೆಚ್ಚಿಕೊಳ್ಳಬೇಡಿ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಪಟ್ಟ ಕಷ್ಟ ನಮಗೆಲ್ಲ ಗೊತ್ತುಂಟು. ಗಡಿಯ ಈಚೆ, ಕೇರಳದ ಬದಿಯ ಒಂದು ಆಸ್ಪತ್ರೆಯಲ್ಲೂ ಫೈಲ್ ಇರಲಿ, ಮನೆಯಲ್ಲಿ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ.

ಪ್ರಶ್ನೆ (ಎಣ್ಮಕಜೆ): ನೋಡಿದೆ. ಬಲ ಹಿಮ್ಮಡಿ ಕೆಂಪಾಗಿದೆ, ಒತ್ತಿದರೂ ಬಿಳಿಚುವುದಿಲ್ಲ. ನೋವಿನ ಪ್ರಶ್ನೆಗೆ ಮಾತ್ರ ಹುಡುಗಿ ಸರಿಯಾಗಿ ಉತ್ತರ ಕೊಟ್ಟಳು. ಬಿಡಿಸಬೇಕಾ?

ಉತ್ತರ: ಬೇಡ. ಅವನನ್ನು ಅರಿತವಳು ಅಂತ ಆಯಿತು. ಮಗ್ಗುಲು ಬದಲಿಸುವುದನ್ನು ಕಲಿಸಬಹುದು. ಹೊಡೆದದ್ದು, ಕಟ್ಟಿ ಹಾಕಿದ್ದು, ಮಾಡದ್ದನ್ನು ಮಾಡಿದೆ ಅಂತ ಬರೆದದ್ದು ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. ಈಗ ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಿ. ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಹಿಮ್ಮಡಿಯ ಕೆಳಗೆ ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದೂ ಬೇಡ. ನಾಳೆಯೇ ಪಂಚಾಯತಿನ ನರ್ಸಿಗೆ ಫೋನ್ ಮಾಡಿ ಕರೆಸಿ, ಹುಡುಗಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಚರ್ಮ ಒಡೆದರೆ, ನೀರು ತುಂಬಿದ ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ. ಮುಂದಿನ ವಾರದ ಫೋಟೋ ನನಗೆ ಖಾಸಗಿಯಾಗಿ ಕಳಿಸಿ, ಎಲ್ಲರೂ ನೋಡುವ ಗ್ರೂಪಿನಲ್ಲಿ ಹಾಕಬೇಡಿ.