ತತ್ವಶಾಸ್ತ್ರದ ಪ್ರಬಂಧ ಹೇಗೆ ಬರೀತೀರಿ? ಬರೆದು ಪಳಗಿದವರು ಹೇಳಿ

ಕೇಳಿದ್ದು, ಧಾರವಾಡದ ಬಿ.ಎ. ವಿದ್ಯಾರ್ಥಿನಿ:
‘ಜ್ಞಾನ ಅಂದರೆ ಏನು?’ ಅಂತ ಪ್ರಬಂಧ ಕೊಟ್ಟಿದ್ದರು. 12 ಪುಟ ಬರೆದೆ. ‘ವಿಷಯ ಬಹಳ ಇದೆ, ವಾದ ಇಲ್ಲ’ ಅಂತ ವಾಪಸ್ ಬಂತು. ಈಗೇನು ಮಾಡಲಿ?

ನವನಗರದಿಂದ, ಎಂ.ಎ. ಮುಗಿಸಿದವಳು:
ತಂಗಿ, ನನಗೂ ಹೀಗೇ ಆಗಿತ್ತು. ಪ್ಲೇಟೊನಿಂದ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದೆ, ಮದುವೆ ಫೋಟೊದ ಹಾಗೆ. ನಮ್ಮ ಸರ್ ಓದಿ, ‘ಎಲ್ಲಾರೂ ಬಂದಾರ, ಮದುಮಗಳು ಎಲ್ಲಿ?’ ಅಂದರು.

ಮೊದಲು ಪ್ರಶ್ನೆ ಸಣ್ಣದು ಮಾಡಿಕೊ. ‘ನನ್ನ ನಂಬಿಕೆ ನಿಜ, ನಂಬಲು ಸರಿಯಾದ ಕಾರಣವೂ ಇದೆ. ಜ್ಞಾನ ಅನ್ನೋಕೆ ಅಷ್ಟು ಸಾಕಾ?’ 1963ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ ಇದೊಂದನ್ನೇ ಹಿಡಿದುಕೊಂಡು ‘ಸಾಲದು’ ಅಂತ ವಾದಿಸಿದರು. ಮೂರೇ ಪುಟ, ಎರಡೇ ಉದಾಹರಣೆ!

ಉದಾಹರಣೆ ಮನೆಯದೇ ಇರಲಿ. ನಾನು ಬರೆದದ್ದು ಹೀಗೆ: ಗೋಡೆ ಗಡಿಯಾರ ರಾತ್ರಿ ಎಂಟಕ್ಕೇ ನಿಂತಿದೆ. ನನಗದು ಗೊತ್ತಿಲ್ಲ. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಅದನ್ನು ನೋಡಿ ಚಿಗರಿ ಬಸ್ಸಿಗೆ ಓಡಿದೆ. ಎಂಟಾಗಿದ್ದು ನಿಜ. ಹಾಗಂತ ಎಂಟಾಗಿದೆ ಅಂತ ನನಗೆ ‘ಗೊತ್ತಿತ್ತು’ ಅನ್ನಬಹುದಾ? (ನಿಂತ ಗಡಿಯಾರದ ಉದಾಹರಣೆ ತತ್ವಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ ಅವರದು, ಓಟ ನನ್ನದು. ಎರವಲು ತಂದರೆ ಹೆಸರು ಹೇಳಲೇಬೇಕು.)

ಹುಬ್ಬಳ್ಳಿಯ ಉಪನ್ಯಾಸಕರು:
ನಾನು ಉತ್ತರ ತಿದ್ದುವವನು. ಮೊದಲು ಹುಡುಕೋದು ಪೂರ್ವಪಕ್ಷವನ್ನು. ನಮ್ಮ ಹಳೆಯ ಶಾಸ್ತ್ರಕಾರರು ಎದುರಾಳಿಯ ಮಾತು ಮೊದಲು ಹೇಳಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ಹುಡುಗರು ಆ ಮಾತನ್ನು ಸಪ್ಪೆ ಮಾಡಿ ಹೊಡೆದು ಹಾಕುತ್ತಾರೆ. ಜ್ವರ ಬಂದವನನ್ನು ಕುಸ್ತಿಗೆ ಕರೆದ ಹಾಗೆ! ಇಲ್ಲಿ ಎದುರಾಳಿ ಏನಂತಾನೆ? ‘ನಿಂತ ಗಡಿಯಾರ ನಂಬಿದ್ದು ಸರಿಯಾದ ಕಾರಣವೇ ಅಲ್ಲ.’ ಗಟ್ಟಿ ಮಾತು. ಹಾಗಾದರೆ ಪ್ರತಿ ಸಲ ಟೈಮ್ ನೋಡುವ ಮೊದಲು ಗಡಿಯಾರ ನಡೀತಿದೆಯಾ ಅಂತ ಪರೀಕ್ಷೆ ಮಾಡಬೇಕಾ? ಈ ಜಗ್ಗಾಟವೇ ನಿನ್ನ ಪ್ರಬಂಧ. ‘ಮಾನವ ಅನಾದಿ ಕಾಲದಿಂದ’ ಅಂತ ಮಾತ್ರ ಶುರು ಮಾಡಬೇಡ, ಕೈ ಮುಗೀತೀನಿ.

ಗದಗದಿಂದ ಒಬ್ಬರು:
ಚೆಂದಕ್ಕೆ ಅಂತ ಪದ ಬದಲಿಸಬೇಡಿ. ಜ್ಞಾನ, ಅರಿವು, ತಿಳಿವಳಿಕೆ ಅಂತ ಬರೆದೆ. ‘ಮೂರೂ ಒಂದೇನಾ?’ ಅಂತ ಕೇಳಿ ಅಂಕ ಕಳೆದರು. ಆಮೇಲಿಂದ ಬರೆದದ್ದನ್ನು ಅವ್ವನ ಮುಂದೆ ಓದುತ್ತೇನೆ. ಅವಳು ‘ಹಂಗಂದ್ರ?’ ಅಂದ ಕಡೆಯೆಲ್ಲ ತಿದ್ದುತ್ತೇನೆ.

ಕೇಳಿದವಳು:
9 ಪುಟ ಹರಿದು ಹಾಕಿದೆ. ಅಕ್ಕಾ, ಅವತ್ತು ಬಸ್ಸು ಸಿಕ್ಕಿತಾ?

ನವನಗರದವಳು:
ಸಿಕ್ಕಿತು. ಅದರಲ್ಲೂ ನಿಂತೇ ಹೋದೆ.