ಮೆಥಿಲೀನ್ ಬ್ಲೂ ಹಾಕಿದ ಪ್ಯಾರಮೀಸಿಯಮ್ ದೀಪದಡಿ ಒಡೆಯುತ್ತಿದೆ, ಏಕೆ?

ಕೆರೆದಂಡೆ: ಒಣಹುಲ್ಲು ನೆನೆಸಿದ ಕೆರೆನೀರಿನಲ್ಲಿ ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿಯನ್ನು ಬೆಳೆಸಿದ್ದೇನೆ. ಓಡಾಡದಂತೆ ಹತ್ತಿಯ ಎಳೆಗಳ ನಡುವೆ ಸಿಕ್ಕಿಸಿ, ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಒಂದು ತೊಟ್ಟು ಬಿಡುತ್ತೇನೆ. ಸೂಕ್ಷ್ಮದರ್ಶಕದ ಎಲ್‌ಇಡಿಯನ್ನು ಪೂರ್ತಿ ಏರಿಸಿದ ಸ್ವಲ್ಪ ಹೊತ್ತಿಗೆ ಮೈಯಿಂದ ಗುಳ್ಳೆ ಉಬ್ಬಿ, ಜೀವಿ ಒಡೆದೇ ಹೋಗುತ್ತದೆ. ಸ್ಲೈಡಿನ ಅಂಚಿನಲ್ಲಿ, ಬೆಳಕು ಬೀಳದ ಕಡೆ ಸಿಕ್ಕಿಕೊಂಡಿರುವವು ಆರಾಮವಾಗಿವೆ. ಬಣ್ಣವೇ ವಿಷವಾದರೆ ಅವೂ ಸಾಯಬೇಕಿತ್ತಲ್ಲ?

ಮಲೆನಾಡಿಗ: ದೀಪದ ಬಿಸಿ ಇರಬಹುದು. ಬಣ್ಣ ಹಾಕದ ಸ್ಲೈಡನ್ನು ಅಷ್ಟೇ ಬೆಳಕಿನಲ್ಲಿಟ್ಟು ನೋಡಿದಿರಾ?

ಕೆರೆದಂಡೆ: ನೋಡಿದೆ. ಏನೂ ಆಗುವುದಿಲ್ಲ.

ಗಾಜುಪಟ್ಟಿ: ಹಾಗಾದರೆ ಬಿಸಿಯನ್ನು ಬಿಡಿ. ಬಣ್ಣವಿಲ್ಲದ ಬೆಳಕು ಕೊಲ್ಲುತ್ತಿಲ್ಲ, ಬೆಳಕಿಲ್ಲದ ಬಣ್ಣವೂ ಕೊಲ್ಲುತ್ತಿಲ್ಲ, ಎರಡೂ ಸೇರಬೇಕು. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಇದೇ ಪ್ಯಾರಮೀಸಿಯಮ್ ಮತ್ತು ಆಕ್ರಿಡೀನ್ ಎಂಬ ಬಣ್ಣ ಇಟ್ಟುಕೊಂಡು ಇದನ್ನೇ ಕಂಡು 1900ರಲ್ಲಿ ಪ್ರಕಟಿಸಿದ. ನೀವು ಒಳ್ಳೆಯ ಸಾಲಿನಲ್ಲಿದ್ದೀರಿ.

ಮೆಥಿಲೀನ್ ಬ್ಲೂ ಕೆಂಪು ಬೆಳಕನ್ನು, ಮುಖ್ಯವಾಗಿ 660 ನ್ಯಾನೋಮೀಟರ್ ಆಸುಪಾಸಿನದನ್ನು, ಹೀರಿ ಆ ಶಕ್ತಿಯನ್ನು ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಹುಟ್ಟುವ ಸಿಂಗ್ಲೆಟ್ ಆಮ್ಲಜನಕಕ್ಕೆ (ಶಕ್ತಿ ತುಂಬಿ ಬಲು ಚುರುಕಾದ ಆಮ್ಲಜನಕ) ನೀರಿನಲ್ಲಿ ಮೂರು-ನಾಲ್ಕು ಮೈಕ್ರೋಸೆಕೆಂಡಿನ ಆಯುಷ್ಯ, ಅಷ್ಟೇ. ದೂರ ಹೋಗಲಾರದು, ಹುಟ್ಟಿದಲ್ಲೇ ಹಾನಿ ಮಾಡುತ್ತದೆ. ಧನ ವಿದ್ಯುದಂಶವಿರುವ ಬಣ್ಣದ ಅಣುಗಳು ಕೋಶಪೊರೆಗೆ ಅಂಟಿಕೊಳ್ಳುವುದರಿಂದ ಪೊರೆಗೇ ಮೊದಲ ಏಟು.

ಪೊರೆಯ ಕೊಬ್ಬಿನ ಸರಪಳಿಯಲ್ಲಿ ದ್ವಿಬಂಧ ಇರುವ ಕಡೆ ಸಿಂಗ್ಲೆಟ್ ಆಮ್ಲಜನಕ ಸೇರಿಕೊಂಡು ಹೈಡ್ರೋಪೆರಾಕ್ಸೈಡ್ ಎಂಬ ಗುಂಪು ಆಗುತ್ತದೆ. ಈ ಗುಂಪಿಗೆ ನೀರಿನ ಸೆಳೆತ. ಎಣ್ಣೆಯಂಥ ಒಳಭಾಗದಲ್ಲಿ ನಿಲ್ಲದೆ ಮೇಲ್ಮೈಗೆ ಬರುತ್ತದೆ. ಸರಪಳಿ ಬಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಕೃತಕ ಪೊರೆಗಳಲ್ಲಿ ವಿಸ್ತೀರ್ಣ ಸುಮಾರು ಶೇಕಡಾ 15ರಿಂದ 20ರಷ್ಟು ಹಿಗ್ಗಿದ್ದನ್ನು ಅಳೆದಿದ್ದಾರೆ. ಇಷ್ಟಾದರೂ ಪೊರೆ ಸೋರುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಮೆತ್ತಗಾಗುತ್ತದೆ, ತೆಳುವಾಗುತ್ತದೆ, ಆದರೂ ತಡೆದುಕೊಳ್ಳುತ್ತದೆ. ಬೆಳಕಿನಿಂದ ಉದ್ರಿಕ್ತವಾದ ಬಣ್ಣದ ಅಣು ಕೊಬ್ಬನ್ನು ನೇರವಾಗಿ ಮುಟ್ಟಿ ವರ್ತಿಸತೊಡಗಿದಾಗ ಸರಪಳಿಗಳೇ ತುಂಡಾಗಿ ಆಲ್ಡಿಹೈಡ್‌ಗಳಾಗುತ್ತವೆ. ರಂಧ್ರ ಬೀಳುವುದು ಆಗ. ಸಿಹಿನೀರು ಒಳನುಗ್ಗುತ್ತದೆ, ಅದನ್ನು ಹೊರದೂಡುವ ಸಂಕೋಚನಶೀಲ ರಸದಾನಿ ಸೋಲುತ್ತದೆ. ನಿಮ್ಮ ಗುಳ್ಳೆ ಬಹುಶಃ ಇದೇ.

ಮಲೆನಾಡಿಗ: ಹಸಿರು ಫಿಲ್ಟರ್ ಹಾಕಿದರೆ ಕೆಂಪು ಬೆಳಕು ತಪ್ಪುತ್ತದಲ್ಲ? ಇಲ್ಲವೇ ವಿಟಮಿನ್ ಸಿ ಮಾತ್ರೆ ಕರಗಿಸಿ ಹಾಕಿದರೆ?

ಗಾಜುಪಟ್ಟಿ: ಫಿಲ್ಟರ್ ಜೀವ ಉಳಿಸುತ್ತದೆ, ಆದರೆ ನೋಡಲು ಏನೂ ಉಳಿಯುವುದಿಲ್ಲ. ಕೆಂಪನ್ನು ಹೀರುವುದರಿಂದಲೇ ಈ ಬಣ್ಣ ನೀಲಿಯಾಗಿ ಕಾಣುತ್ತಿರುವುದು. ತೋರಿಸುವ ಬೆಳಕೇ ಕೊಲ್ಲುವ ಬೆಳಕು. ವಿಟಮಿನ್ ಸಿ ಮೆಥಿಲೀನ್ ಬ್ಲೂವನ್ನು ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು) ಬಣ್ಣವನ್ನೇ ತೆಗೆದುಬಿಡುತ್ತದೆ. ಮೇಲೆ ನೀರು ಹುಳಿಯಾಗುತ್ತದೆ. ಬೇಡ.

ನನ್ನ ಸಲಹೆ: ಬಣ್ಣವನ್ನು ಕಣ್ಣಿಗೆ ಕಂಡೂ ಕಾಣದಷ್ಟು ತಿಳಿಯಾಗಿಸಿ. ಫೋಕಸ್ ಮಾಡುವಾಗ ದೀಪ ಆದಷ್ಟು ಕಡಿಮೆ ಇರಲಿ, ಚಿತ್ರ ತೆಗೆಯುವ ಕ್ಷಣಕ್ಕೆ ಮಾತ್ರ ಏರಿಸಿ, ನೋಡದಿರುವಾಗ ಆರಿಸಿ. ಮೈಮೇಲಿನ ಕೂದಲಿನಂಥ ಲೋಮಾಂಗಗಳಷ್ಟೇ ಸಾಕಿದ್ದರೆ ಬಣ್ಣವನ್ನೇ ಬಿಟ್ಟು ಕಂಡೆನ್ಸರ್ ಕೆಳಗೆ ಕಪ್ಪು ಕಾಗದದ ಬಿಲ್ಲೆ ಇಟ್ಟು ಡಾರ್ಕ್‌ಫೀಲ್ಡ್‌ನಲ್ಲಿ, ಅಂದರೆ ಕಪ್ಪು ಹಿನ್ನೆಲೆಯಲ್ಲಿ ಜೀವಿ ಹೊಳೆಯುವಂತೆ, ನೋಡಿ. ನನಗಂತೂ ಅದೇ ಹೆಚ್ಚು ಚೆಂದ.

ಕೆರೆದಂಡೆ: ಬಣ್ಣ ತಿಳಿಯಾಗಿಸಿ ದೀಪ ಇಳಿಸಿದೆ. ಈಗ ಒಡೆಯುತ್ತಿಲ್ಲ, ಆಹಾರ ರಸದಾನಿಗಳು ನಸುನೀಲಿಯಾಗಿ ಕಾಣುತ್ತಿವೆ. ಇನ್ನೊಂದು ಪ್ರಶ್ನೆ: ಮೀನಿನ ಬೂಷ್ಟಿಗೆ ಇದೇ ಔಷಧಿ ಹಾಕುತ್ತೇನೆ, ಅಲ್ಲಿಯೂ ದೀಪ ಆರಿಸಬೇಕೇ?

ಗಾಜುಪಟ್ಟಿ: ಆರಿಸುವುದೇ ಕ್ಷೇಮ. ಬೆಳಕಿನಲ್ಲಿ ಮೀನಿನ ಕಿವಿರಿಗೂ ಇದೇ ಹಾನಿ ತಟ್ಟಬಹುದು, ಔಷಧಿಯೂ ಬೇಗ ಮಾಸುತ್ತದೆ.